ಹಾಜರಿ ಪುಸ್ತಕ ತುಂಬಿದೆ, ಮಕ್ಕಳು ಓದ್ತಾರಾ?

ಸಂಘ-ಸಂಸ್ಥೆ ನಡೆಸೋರು ಪ್ರಶ್ನೆ ಕಳ್ಸಿ ಅಂತ ಹೋದ ತಿಂಗಳು ಬರೆದಿದ್ದೇ ತಡ, ರಾಶಿ ಪತ್ರ ಬಂದಿವೆ. ಅರ್ಧಕ್ಕರ್ಧ ಜನ ಕೇಳಿರೋದು ಒಂದೇ, ನಮ್ಮ ಕೆಲಸದಿಂದ ಏನಾದ್ರೂ ಆಗ್ತಿದ್ಯಾ ಅಂತ ನಾವೇ ಹೆಂಗೆ ತಿಳ್ಕೊಳೋದು ಅಂತ. ಅದಕ್ಕೆ ಈ ಸಲ ಪೂರ್ತಿ ಇದೇ ವಿಷಯ. ಹೆಸರು ಹಾಕ್ಬೇಡಿ ಅಂದೋರೇ ಜಾಸ್ತಿ, ಹಂಗಾಗಿ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಅಕ್ಕಾರ, ನಮಸ್ಕಾರ್ರೀ. ನಾವು ಆರು ಊರಾಗ ಸಂಜಿ ಹೊತ್ತು ಸಣ್ಣ ಮಕ್ಕಳಿಗೆ ಓದಾಕ ಬರಿಯಾಕ ಕಲಸ್ತೀವ್ರಿ. ಒಟ್ಟು 140 ಮಕ್ಕಳು, ಏಳು ಮಂದಿ ಕಲಸೋರು, ವರ್ಷದ ಖರ್ಚು ಒಂಬತ್ತು ಲಕ್ಷದ ಆಸುಪಾಸು. ಈಗ ಒಂದು ಕಂಪನಿಯವ್ರು ಸಿಎಸ್‌ಆರ್ ರೊಕ್ಕ (ಕಂಪನಿಗೋಳು ಸಮಾಜದ ಕೆಲಸಕ್ಕ ಎತ್ತಿಡೋ ರೊಕ್ಕ) ಕೊಡ್ತೀವಿ ಅಂದಾರ, ಆದ್ರ ನಿಮ್ಮ ಇಂಪ್ಯಾಕ್ಟ್ ತೋರಸ್ರಿ ಅಂತಾರ. ಹಾಜರಿ ಪುಸ್ತಕ, ಫೋಟೋ, ಹನ್ನೊಂದು ಟ್ರೈನಿಂಗ್ ಮಾಡಿದ್ದರ ರಿಪೋರ್ಟ್ ಎಲ್ಲಾ ಕಳಿಸಿದ್ವಿ, ಇದು ಇಂಪ್ಯಾಕ್ಟ್ ಅಲ್ಲ ಅಂದ್ರು. ಒಬ್ರು ಕನ್ಸಲ್ಟೆಂಟ್ ಮೂರು ಲಕ್ಷ ಕೊಡ್ರಿ ನಾ ಮಾಡಿ ಕೊಡ್ತೀನಿ ಅನ್ನಾಕತ್ತಾರ. ಏನ್ ಮಾಡೂಣ್ರಿ?
— ಕಾರ್ಯದರ್ಶಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಆ ಮೂರು ಲಕ್ಷದ ಮಾತು ಬಿಡಿ. 2021ರ ಜನವರಿಯಲ್ಲಿ ತಿದ್ದಿದ ಸಿಎಸ್‌ಆರ್ ನಿಯಮದಲ್ಲಿ ಹೊರಗಿನೋರಿಂದ ಇಂಪ್ಯಾಕ್ಟ್ ಅಸೆಸ್‌ಮೆಂಟ್, ಅಂದ್ರೆ ಕೆಲಸದಿಂದ ಏನು ಬದಲಾಯ್ತು ಅನ್ನೋ ಅಳತೆ, ಮಾಡಿಸ್ಬೇಕು ಅಂತ ಇರೋದು ನಿಜ, ಆದ್ರೆ ಅದನ್ನ ಮಾಡಿಸ್ಬೇಕಾದ್ದು ಕಂಪನಿ, ನೀವಲ್ಲ. ಅದೂ ಎಲ್ಲಾ ಕಂಪನಿಗೂ ಇಲ್ಲ. ಹಿಂದಿನ ಮೂರು ವರ್ಷದ ಸರಾಸರಿ ತೆಗೆದ್ರೆ 10 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಸಿಎಸ್‌ಆರ್‌ಗೆ ಎತ್ತಿಡ್ಬೇಕಾದ ಕಂಪನಿ ಆಗಿರ್ಬೇಕು, ಪ್ರಾಜೆಕ್ಟು 1 ಕೋಟಿಗೆ ಕಮ್ಮಿ ಇರಬಾರದು, ಮುಗಿದು ಒಂದು ವರ್ಷನಾದ್ರೂ ಆಗಿರ್ಬೇಕು. ನಿಮ್ಮ ಒಂಬತ್ತು ಲಕ್ಷಕ್ಕೂ ಇದಕ್ಕೂ ಸಂಬಂಧನೇ ಇಲ್ಲ. ಅವರು ಕೇಳ್ತಿರೋದು ತುಂಬಾ ಸಾದಾ ಪ್ರಶ್ನೆ, ಇಂಗ್ಲಿಷಲ್ಲಿ ಕೇಳಿದ್ದಕ್ಕೆ ದೊಡ್ಡದಾಗಿ ಕಾಣ್ತಿದೆ ಅಷ್ಟೆ: ನೀವು ಕಲಿಸಿದ್ರಿ ಸರಿ, ಮಕ್ಕಳು ಕಲಿತ್ರಾ?

ನೀವು ಕಳಿಸಿರೋ ಕಾಗದದಲ್ಲಿ ಇರೋದೆಲ್ಲ ನೀವು ಏನ್ ಮಾಡಿದ್ರಿ ಅನ್ನೋದು. ಮಕ್ಕಳಿಗೆ ಏನಾಯ್ತು ಅನ್ನೋದು ಒಂದು ಸಾಲೂ ಇಲ್ಲ. ಬೇಜಾರ್ ಮಾಡ್ಕೋಬೇಡಿ, ಈ ತಪ್ಪು ನಾನೇ ಎಂಟು ವರ್ಷ ಮಾಡಿದೀನಿ. ನಾನಿದ್ದ ಸಂಸ್ಥೇಲಿ ಹೆಣ್ಮಕ್ಕಳಿಗೆ ಹೊಲಿಗೆ ಟ್ರೈನಿಂಗ್ ಕೊಡ್ತಿದ್ವಿ, ಬ್ಯಾಚ್ ಮೇಲೆ ಬ್ಯಾಚು, ಪ್ರತಿ ವರ್ಷ ಇಷ್ಟು ಜನಕ್ಕೆ ಟ್ರೈನಿಂಗ್ ಆಯ್ತು ಇಷ್ಟು ಮಷಿನ್ ಹಂಚಿದ್ವಿ ಅಂತ ರಿಪೋರ್ಟ್ ಹೋಗೋದು, ಎಲ್ಲರೂ ಶಭಾಷ್ ಅನ್ನೋರು. ಒಂದ್ಸಲ ಬೇರೆ ಯಾವುದೋ ಕೆಲಸಕ್ಕೆ ಹಳೇ ಬ್ಯಾಚಿನ ಒಬ್ಬಾಕೆ ಮನೆಗೆ ಹೋದ್ರೆ ಮಷಿನ್ ಮೇಲೆ ಟವೆಲ್ ಹಾಸಿ ಟಿವಿ ಇಟ್ಟಿದಾರೆ. ಯಾಕಮ್ಮ ಅಂದ್ರೆ, "ನೀವು ಕೈಚೀಲ ಹೊಲಿಯೋದು, ಲಂಗ ಹೊಲಿಯೋದು ಹೇಳ್ಕೊಟ್ರಿ ಮೇಡಂ, ಲಂಗ ಸಂತೇಲಿ ರೆಡಿಮೇಡ್ ಸಿಗುತ್ತೆ, ಊರಲ್ಲಿ ಕಾಸು ಕೊಟ್ಟು ಹೊಲಿಸೋದು ಬ್ಲೌಸ್ ಒಂದೇ, ಅದರ ಕಟಿಂಗ್ ನಮಗೆ ಬರಲ್ಲ" ಅಂದ್ಲು. ಎಂಟು ವರ್ಷದಲ್ಲಿ ಒಬ್ಬರೂ ಆ ಮನೆಗಳಿಗೆ ವಾಪಸ್ ಹೋಗಿ ಈಗೇನ್ ಹೊಲೀತಿದ್ದೀರಿ ತಿಂಗಳಿಗೆ ಎಷ್ಟು ಬರುತ್ತೆ ಅಂತ ಕೇಳಿರ್ಲಿಲ್ಲ. ಕೇಳಿದ್ರೆ ಮೊದಲನೇ ವರ್ಷವೇ ಗೊತ್ತಾಗ್ತಿತ್ತು.

ನಿಮ್ಮ ಕೆಲಸ ಅಳೆಯೋದು ಹೊಲಿಗೆಗಿಂತ ಸುಲಭ, ಯಾಕಂದ್ರೆ ಅಳತೆಗೋಲು ಆಗ್ಲೇ ತಯಾರಿದೆ. ಪ್ರಥಮ್ ಅನ್ನೋ ಸಂಸ್ಥೆಯೋರು 2005ರಿಂದ ಅಸರ್ ಅಂತ, ಹಳ್ಳಿ ಮಕ್ಕಳಿಗೆ ಓದೋಕೆ ಲೆಕ್ಕ ಮಾಡೋಕೆ ಬರುತ್ತಾ ಅಂತ ನೋಡೋ ಸಮೀಕ್ಷೆ ಮಾಡ್ತಾರಲ್ಲ, ಅದರ ಓದಿನ ಹಾಳೆ ಕನ್ನಡದಲ್ಲೂ ಇದೆ. ಒಂದೇ ಹಾಳೆ. ಅದರಲ್ಲಿ ಬಿಡಿ ಅಕ್ಷರ, ಚಿಕ್ಕ ಪದಗಳು, ಒಂದನೇ ಕ್ಲಾಸಿನ ಮಟ್ಟದ ನಾಲ್ಕು ಸಾಲು, ಎರಡನೇ ಕ್ಲಾಸಿನ ಮಟ್ಟದ ಒಂದು ಪುಟ್ಟ ಕಥೆ. ಮಗೂನ ಜಗಲಿ ಮೇಲೆ ಕೂರಿಸ್ಕೊಂಡು ಮೊದಲು ಆ ನಾಲ್ಕು ಸಾಲು ಓದ್ಸೋದು, ಸಲೀಸಾಗಿ ಓದಿದ್ರೆ ಕಥೆ ಕೊಡೋದು, ತಡವರಿಸಿದ್ರೆ ಪದಕ್ಕೆ ಇಳಿಯೋದು, ಅದೂ ಆಗದಿದ್ರೆ ಅಕ್ಷರ, ಐದು ಅಕ್ಷರದಲ್ಲಿ ನಾಲ್ಕಾದ್ರೂ ಸರಿ ಹೇಳಿದ್ರೆ ಅಕ್ಷರ ಬರುತ್ತೆ ಅಂತ ಗುರುತು ಹಾಕೋದು. ಒಂದು ಮಗುವಿಗೆ ಐದೋ ಹತ್ತೋ ನಿಮಿಷ. ಅಸರ್‌ನೋರು ಇದನ್ನ ಶಾಲೇಲಿ ಮಾಡಲ್ಲ, ಮನೆಗೇ ಹೋಗ್ತಾರೆ, ಶಾಲೆಗೆ ಹೋದ್ರೆ ಅವತ್ತು ಬಂದಿರೋ ಮಕ್ಕಳು ಮಾತ್ರ ಸಿಗೋದು ಅಂತ.

ಇದನ್ನ ಜೂನಲ್ಲಿ ಒಂದ್ಸಲ, ದಸರಾ ರಜೆ ಮುಗಿದ್ಮೇಲೆ ಒಂದ್ಸಲ, ಫೆಬ್ರವರೀಲಿ ಒಂದ್ಸಲ ಮಾಡಿ. ಇನ್ನೂರು ಪೇಜಿನ ನೋಟ್‌ಬುಕ್ ಸಾಕು, ಒಂದು ಮಗುವಿಗೆ ಒಂದು ಸಾಲು, ಸಾಫ್ಟ್‌ವೇರ್ ಗೀಫ್ಟ್‌ವೇರ್ ಏನೂ ಬೇಡ. ಆದ್ರೆ ಮೂರು ಕಡೆ ಹುಷಾರಾಗಿರಿ. ಕಲಿಸೋರೇ ಪರೀಕ್ಷೆ ಮಾಡಬಾರದು, ನಮ್ಮ ಮಕ್ಕಳು ಅನ್ನೋ ಪ್ರೀತಿಗೆ ತುಟಿ ಅಲ್ಲಾಡಿಸಿ ಹೇಳ್ಕೊಟ್ಟು ಬಿಡ್ತಾರೆ, ನಾನೇ ನೋಡಿದೀನಿ, ಹಂಗಾಗಿ ಈ ಊರಿನೋರನ್ನ ಆ ಊರಿಗೆ ಕಳ್ಸಿ. ಪ್ರತಿ ಸಲ ಬೇರೆ ಹಾಳೆ ಇರ್ಲಿ, ಇಲ್ಲಾಂದ್ರೆ ಮಕ್ಕಳು ಬಾಯಿಪಾಠ ಹೊಡೆದು ಹಾಳೆ ನೋಡದೇನೇ ಒಪ್ಪಿಸ್ತಾರೆ. ಇನ್ನೊಂದು ಇದೆಯಲ್ಲ, ಅದರಲ್ಲೇ ಎಲ್ಲರೂ ಜಾರೋದು: ಫೆಬ್ರವರೀಲಿ ಉಳ್ಕೊಂಡಿರೋ ನೂರು ಮಕ್ಕಳನ್ನ ಮಾತ್ರ ಎಣಿಸಿ ಆಹಾ ಎಂಬತ್ತು ಮಕ್ಕಳು ಓದ್ತಾರೆ ಅಂತ ಬರೆಯೋದು. ಬಿಟ್ಟು ಹೋದ ನಲವತ್ತು ಮಕ್ಕಳು ಯಾರು? ಅರ್ಥ ಆಗ್ದೆ ಬೇಜಾರಾಗಿ ಬಿಟ್ಟೋರೇ ಅದರಲ್ಲಿ ಜಾಸ್ತಿ ಇರ್ತಾರೆ. ಜೂನಲ್ಲಿ ಹೆಸರು ಬರೆಸಿದ 140 ಮಕ್ಕಳನ್ನೂ ಹುಡುಕ್ಕೊಂಡು ಹೋಗಿ ಕೇಳಿ, ಗುಳೆ ಹೋಗಿದ್ರೆ ಗುಳೆ ಅಂತ ಬರೀರಿ.

ಕಂಪನಿಯೋರು ಚುರುಕಾಗಿದ್ರೆ ಆಮೇಲೆ ಇನ್ನೊಂದು ಕೇಳ್ತಾರೆ, ಈ ಮಕ್ಕಳು ಶಾಲೆಗೂ ಹೋಗ್ತಾರಲ್ಲ, ನೀವು ಇಲ್ಲದಿದ್ರೂ ಇಷ್ಟು ಕಲೀತಿದ್ರೇನೋ ಅಂತ. ನ್ಯಾಯವಾದ ಪ್ರಶ್ನೆ. ಪ್ರಥಮ್‌ನೋರು ಇದಕ್ಕೆ 2001ರಲ್ಲೇ ಒಂದು ದಾರಿ ಹಿಡಿದ್ರು. ಹಿಂದೆ ಬಿದ್ದಿರೋ ಮಕ್ಕಳಿಗೆ ಪಾಠ ಮಾಡೋಕೆ ಊರಿನ ಹುಡುಗೀರನ್ನೇ ಬಾಲಸಖಿ ಅಂತ ಇಟ್ಟಿದ್ರು. ವಡೋದರಾದ ಶಾಲೆಗಳಲ್ಲಿ ಅರ್ಧಕ್ಕೆ ಮೂರನೇ ಕ್ಲಾಸಿಗೆ ಬಾಲಸಖಿ, ಇನ್ನರ್ಧಕ್ಕೆ ನಾಲ್ಕನೇ ಕ್ಲಾಸಿಗೆ, ಮುಂದಿನ ವರ್ಷ ಅದಲು ಬದಲು. ಯಾವ ಶಾಲೆಗೂ ಮೋಸ ಆಗ್ಲಿಲ್ಲ, ಹೋಲಿಸಿ ನೋಡೋಕೂ ಸಿಕ್ತು, ಮಕ್ಕಳ ಅಂಕ ಏರಿದ್ದೂ ಕಾಣಿಸ್ತು. ಅದರಲ್ಲಿ ಕೆಲಸ ಮಾಡಿದ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಅವರಿಗೇ 2019ರಲ್ಲಿ ನೊಬೆಲ್ ಬಂದಿದ್ದು, ಮೈಕಲ್ ಕ್ರೀಮರ್ ಜೊತೆ. ನೀವು ನೊಬೆಲ್‌ವರೆಗೂ ಹೋಗೋದು ಬೇಡ. ಮುಂದಿನ ವರ್ಷ ಎರಡು ಹೊಸ ಊರಲ್ಲಿ ಶುರು ಮಾಡೋ ಯೋಚನೆ ಇದ್ರೆ ಎರಡು ಊರಲ್ಲೂ ಜೂನಲ್ಲಿ ಓದಿಸಿ ನೋಡಿ, ಚೀಟಿ ಎತ್ತಿ ಒಂದು ಊರಲ್ಲಿ ಮೊದಲು ಕ್ಲಾಸ್ ಶುರು ಮಾಡಿ, ಇನ್ನೊಂದರಲ್ಲಿ ಮರುವರ್ಷ. ಎರಡೇ ಊರಿಂದ ಖಡಾಖಂಡಿತ ಏನೂ ಸಾಬೀತಾಗಲ್ಲ, ಅದನ್ನೂ ರಿಪೋರ್ಟಲ್ಲಿ ಬರೆದುಬಿಡಿ, ಆದ್ರೆ ಏನೂ ಇಲ್ಲದೆ ಊಹೆ ಮೇಲೆ ಹೇಳೋದಕ್ಕಿಂತ ವಾಸಿ.

ಅಂದಹಾಗೆ ಫೋಟೋ ಪೂರ್ತಿ ದಂಡ ಅಂತೇನಲ್ಲ. ರಾಜಸ್ಥಾನದ ಉದಯಪುರದ ಸೇವಾ ಮಂದಿರ ಅನ್ನೋ ಸಂಸ್ಥೆಯೋರು ತಮ್ಮ ಒಂಟಿ ಮೇಷ್ಟ್ರ ಶಾಲೆಗಳಿಗೆ ತಾರೀಖು-ಟೈಮು ಬದಲಾಯಿಸೋಕೆ ಆಗದ ಕ್ಯಾಮೆರಾ ಕೊಟ್ರು, ದಿನದ ಶುರುವಲ್ಲೊಂದು ಕೊನೇಲೊಂದು ಫೋಟೋನ ಮಗುವೇ ತೆಗೀಬೇಕು, ಸಂಬಳ ಅದರ ಲೆಕ್ಕದ ಮೇಲೆ. ಕ್ಯಾಮೆರಾ ಇಲ್ಲದ ಶಾಲೆಗಳಲ್ಲಿ ಮೇಷ್ಟ್ರ ಗೈರುಹಾಜರಿ 42 ಪರ್ಸೆಂಟ್, ಇದ್ದ ಕಡೆ 21. ಬ್ಯಾನರ್ ಹಿಡ್ಕೊಂಡು ಸಾಲಾಗಿ ನಿಂತ ಫೋಟೋದಿಂದ ಇದು ಆಗಲ್ಲ ಬಿಡಿ.

ಪ್ರಶ್ನೆ: ಮೇಡಂ, ನಾನು ಒಂದು ಆರೋಗ್ಯ ಟ್ರಸ್ಟಿನ ಟ್ರಸ್ಟಿ. ಆಫೀಸ್ ಖರ್ಚು ಎಷ್ಟು ಕಮ್ಮಿ ಇದ್ರೆ ಸಂಸ್ಥೆ ಅಷ್ಟು ಒಳ್ಳೇದು ಅಂತ ನಮ್ಮ ದಾನಿಗಳ ನಂಬಿಕೆ. ನಮ್ಮದು 8 ಪರ್ಸೆಂಟ್ ಅಂತ ನಾವೂ ಹೆಮ್ಮೆಯಿಂದ ಹೇಳ್ಕೋತೀವಿ. ಇದು ಸರಿಯಾದ ಅಳತೇನಾ?
— ಮೈಸೂರು

ಉತ್ತರ: ಅಲ್ಲ ಸರ್. ಕಳ್ಳತನ ಇಲ್ಲ ಅಂತ ತೋರಿಸೋಕೆ ಸ್ವಲ್ಪ ಸಹಾಯ ಆಗುತ್ತೆ, ಅಷ್ಟೆ. ವಿದೇಶದ ದುಡ್ಡು ತಗೊಳೋರಿಗೆ ಎಫ್‌ಸಿಆರ್‌ಎ ಕಾಯ್ದೆ 2020ರಲ್ಲಿ ಆಡಳಿತ ವೆಚ್ಚದ ಮಿತೀನ 50ರಿಂದ 20 ಪರ್ಸೆಂಟಿಗೆ ಇಳಿಸ್ತು, ಅದು ಕಾನೂನು, ಪಾಲಿಸ್ಲೇಬೇಕು. ಆದ್ರೆ 8 ಪರ್ಸೆಂಟ್ ಅಂತ ಹೇಳೋದು ಹೋಟೆಲಿನೋನು ನಮ್ಮ ಗ್ಯಾಸ್ ಖರ್ಚು ಕಮ್ಮಿ ಅಂದ ಹಾಗೆ, ದೋಸೆ ಹೆಂಗಿದೆ ಅನ್ನೋದು ಗೊತ್ತಾಗ್ಲಿಲ್ಲ.

ಮೇಲೆ ಹೇಳಿದ ಸೇವಾ ಮಂದಿರದ್ದೇ ಇನ್ನೊಂದು ಕೆಲಸ ನೋಡಿ. ಅಲ್ಲಿನ ಹಳ್ಳಿಗಳಲ್ಲಿ ಒಂದರಿಂದ ಮೂರು ವರ್ಷದ ಮಕ್ಕಳಲ್ಲಿ ಪೂರ್ತಿ ಲಸಿಕೆ ಆಗಿದ್ದು ನೂರಕ್ಕೆ 6 ಮಕ್ಕಳಿಗೆ. ತಿಂಗಳಿಗೊಂದು ಸಲ ತಪ್ಪದೆ ಕ್ಯಾಂಪ್ ನಡೆಸಿದ ಊರುಗಳಲ್ಲಿ ಅದು 18 ಆಯ್ತು. ಕ್ಯಾಂಪ್ ಜೊತೆಗೆ ಪ್ರತಿ ಸಲ ಬಂದಾಗ ಒಂದು ಕೆಜಿ ಬೇಳೆ, ಎಲ್ಲಾ ಲಸಿಕೆ ಮುಗಿದ್ಮೇಲೆ ಊಟದ ತಟ್ಟೆ ಕೊಟ್ಟ ಊರುಗಳಲ್ಲಿ 39. ಲಸಿಕೆ ಹಾಕಿಸ್ಕೊಳೋಕೆ ಬೇಳೆ ಬೇರೆ ಕೊಡ್ಬೇಕಾ, ದಂಡ ಖರ್ಚು, ಅಂತ ನಿಮ್ಮ ದಾನಿಗಳು ಅನ್ನೋದು ನನಗೆ ಇಲ್ಲಿಂದಲೇ ಕೇಳಿಸ್ತಿದೆ. ಆದ್ರೆ ಪೂರ್ತಿ ಲಸಿಕೆ ಆದ ಒಂದೊಂದು ಮಗುವಿಗೆ ಬಿದ್ದ ಖರ್ಚು ಲೆಕ್ಕ ಹಾಕಿದ್ರೆ ಬೇಳೆ ಕೊಟ್ಟ ಕಡೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ಕಾರಣ ಸುಲಭ, ನರ್ಸಮ್ಮ ಹತ್ತು ಮಗು ಬಂದ್ರೂ ಮೂರೇ ಬಂದ್ರೂ ಇಡೀ ದಿನ ಕೂತಿರ್ಬೇಕು, ದಿನದ ಸಂಬಳ ಅದೇ. ನೀವೂ ಇಂಥದ್ದೇ ಲೆಕ್ಕ ಇಡಿ: ಶುಗರ್ ಹತೋಟಿಗೆ ಬಂದ ಒಬ್ಬೊಬ್ಬ ರೋಗಿಗೆ ಎಷ್ಟು ಖರ್ಚಾಯ್ತು, ಆಪರೇಷನ್ ಆಗಿ ಆರು ತಿಂಗಳಿಗೂ ಕಣ್ಣು ಚೆನ್ನಾಗಿರೋ ಒಬ್ಬೊಬ್ಬರಿಗೆ ಎಷ್ಟಾಯ್ತು, ಹಿಂಗೆ. ಆ ಲೆಕ್ಕ ಬರೆಯೋಕೆ ಒಬ್ಬ ಹುಡುಗನ್ನ ಇಟ್ಕೊಂಡ್ರೆ ನಿಮ್ಮ 8 ಪರ್ಸೆಂಟ್ 11 ಆಗುತ್ತೆ, ಆಗ್ಲಿ ಬಿಡಿ.

ಪ್ರಶ್ನೆ: ನಾನು ಫೀಲ್ಡಲ್ಲಿ ಕೆಲಸ ಮಾಡೋಳು. ನಮ್ಮ ಕಾರ್ಯಕ್ರಮ ಎರಡು ತಾಲ್ಲೂಕಲ್ಲಿ ಪೂರ್ತಿ ಮಲಗಿದೆ, ಜನ ಮೀಟಿಂಗಿಗೇ ಬರಲ್ಲ. ರಿಪೋರ್ಟಲ್ಲಿ ಹಂಗೇ ಬರೆದೆ, ಸರ್ ಅದನ್ನ ತೆಗೆಸಿ "ಸಮುದಾಯದ ಸಹಭಾಗಿತ್ವ ಹೆಚ್ಚುತ್ತಿದೆ" ಅಂತ ಹಾಕ್ಸಿದ್ರು. ಸತ್ಯ ಬರೆದ್ರೆ ಫಂಡ್ ನಿಲ್ಲುತ್ತಂತೆ. ಏನ್ ಮಾಡ್ಲಿ ಅಕ್ಕ?
— ರಾಯಚೂರು

ಉತ್ತರ: ನಿಮ್ಮ ಸರ್ ಹೆದರೋದು ಸುಳ್ಳಲ್ಲಮ್ಮ, ಫಂಡ್ ನಿಂತಿದ್ದೂ ನೋಡಿದೀನಿ. ಕೆನಡಾದ ಎಂಜಿನಿಯರ್ಸ್ ವಿತೌಟ್ ಬಾರ್ಡರ್ಸ್ ಅನ್ನೋ ಸಂಸ್ಥೆ 2008ರಿಂದ ನಾವು ಎಲ್ಲೆಲ್ಲಿ ಸೋತ್ವಿ ಅಂತ ಒಂದು ವರದೀನೇ ಹೊರಗೆ ಹಾಕೋಕೆ ಶುರು ಮಾಡ್ತು, ಅದನ್ನ ಎಲ್ಲಾ ಸೆಮಿನಾರಲ್ಲೂ ಹೊಗಳ್ತಾರೆ, ಹೊಗಳಿ ಊಟ ಮಾಡಿ ಮನೆಗೆ ಹೋಗಿ ಸಕ್ಸೆಸ್ ಸ್ಟೋರಿ ಬರೀತಾರೆ. ಹಂಗಾಗಿ ಧೈರ್ಯ ಮಾಡಿ ಅಂತ ಬರೀ ಉಪದೇಶ ಕೊಡೋಕೆ ನನಗೆ ಮನಸ್ಸಿಲ್ಲ.

ಮಾಡಬಹುದಾದ್ದು ಹೇಳ್ತೀನಿ. ಕೆಟ್ಟ ಸುದ್ದಿ ವರ್ಷದ ಕೊನೇಲಿ ರಿಪೋರ್ಟಲ್ಲಿ ಮೊದಲ ಸಲ ಕಾಣಿಸ್ಕೊಂಡ್ರೆ ಅದು ತಪ್ಪೊಪ್ಪಿಗೆ ಥರ ಇರುತ್ತೆ, ಅದೇ ನಾಲ್ಕನೇ ತಿಂಗಳಲ್ಲಿ ಫೋನ್ ಮಾಡಿ ಈ ಎರಡು ತಾಲ್ಲೂಕಲ್ಲಿ ಹಿಂಗಾಗ್ತಿದೆ, ನಾವು ಇದನ್ನ ಬದಲಾಯಿಸ್ತಿದೀವಿ ಅಂದ್ರೆ ಅದು ಕೆಲಸದ ಮಾತು. ಫಂಡರ್ ಆಫೀಸಲ್ಲಿ ಕೂತಿರೋ ಹುಡುಗ-ಹುಡುಗೀರಿಗೂ ಮೇಲಿನೋರಿಗೆ ಹೇಳೋಕೆ ಏನಾದ್ರೂ ಬೇಕಲ್ಲ. ಅದಕ್ಕೂ ಮೊದಲು ಜನ ಯಾಕೆ ಬರಲ್ಲ ಅಂತ ಗೊತ್ತಾ ನಿಮಗೆ? ಬರದೇ ಇರೋರ ಮನೇಗೇ ಹೋಗಿ, ಹತ್ತು ಮನೆ ಸಾಕು, ಪ್ರಶ್ನಾವಳಿ ಫಾರ್ಮ್ ಒಳಗಿಟ್ಟು ಸುಮ್ನೆ ಕೂತು ಕೇಳಿ. ಪ್ರಥಮ್‌ನೋರದ್ದೇ ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಹಿಂಗಾಗಿತ್ತು, ಊರ ಸಭೆ ಸೇರಿಸಿ ಶಾಲೆ ಸ್ಥಿತಿ ವಿವರಿಸಿದ್ರೆ ಜನ ಎದ್ದು ನಿಲ್ತಾರೆ ಅಂದ್ಕೊಂಡಿದ್ರು, ಸಭೆ ಆಯ್ತು, ಶಾಲೇಲಿ ಏನೂ ಬದಲಾಗ್ಲಿಲ್ಲ. ಊರಿನ ಹುಡುಗರಿಗೆ ಓದು ಕಲಿಸೋದು ಹೇಳ್ಕೊಟ್ಟು ಕ್ಯಾಂಪ್ ಮಾಡಿಸಿದ ಕಡೆ ಮಾತ್ರ, ಆ ಕ್ಯಾಂಪಿಗೆ ಬಂದ ಮಕ್ಕಳು ಓದೋಕೆ ಕಲಿತ್ರು. ಇದನ್ನ ಯಾರೂ ಮುಚ್ಚಿಡ್ಲಿಲ್ಲ, ಹಂಗೇ ಅಚ್ಚಾಯ್ತು. ನಿಮ್ಮದು ಮೀಟಿಂಗ್ ಎಷ್ಟು ಹೊತ್ತಿಗೆ ಇಡ್ತೀರಿ? ಹತ್ತಿ ಬಿಡಿಸೋ ಟೈಮಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಇಟ್ಟಿದ್ರೆ ಬರದೇ ಇರೋರದ್ದು ತಪ್ಪಲ್ಲ.

ಪ್ರಶ್ನೆ: ನಮ್ಮದು ಸಣ್ಣ ವೃದ್ಧಾಶ್ರಮ, 22 ಜನ ಇದ್ದಾರೆ. ಇಲ್ಲಿ ಅಳೆಯೋಕೆ ಏನಿದೆ? ಪ್ರೀತಿ ಅಳೆಯೋಕಾಗುತ್ತಾ?
— ಶಿವಮೊಗ್ಗ

ಉತ್ತರ: ಪ್ರೀತಿ ಬೇಡ, ತೂಕ ಅಳೀರಿ. ತಿಂಗಳ ಮೊದಲ ಸೋಮವಾರ 22 ಜನರದ್ದೂ ತೂಕ ನೋಡಿ ಬರೆದಿಡಿ, ಎರಡು ತಿಂಗಳಲ್ಲಿ ಮೂರು ಕೆಜಿ ಇಳಿದ ಅಜ್ಜಿಗೆ ಒಂದೋ ಕಾಯಿಲೆ, ಒಂದೋ ಹಲ್ಲು ನೋವು, ಇಲ್ಲಾ ನಿಮ್ಮ ಚಪಾತಿ ಗಟ್ಟಿ. ಹಾಸಿಗೆ ಹಿಡಿದೋರಿಗೆ ಬೆನ್ನಲ್ಲಿ ಹುಣ್ಣಾಗಿದ್ಯಾ, ಈ ತಿಂಗಳು ಎಷ್ಟು ಜನ ಬಿದ್ರು, ಎಲ್ಲಿ ಬಿದ್ರು ಅಂತ ಬಚ್ಚಲು ಬಾಗಿಲ ಹತ್ರ ಒಂದು ಕ್ಯಾಲೆಂಡರ್ ನೇತಾಕಿ ಗುರುತು ಹಾಕಿ. ಮನೆಯೋರು ಕೊನೇ ಸಲ ಫೋನ್ ಮಾಡಿದ್ದು ಯಾವಾಗ ಅನ್ನೋದೂ ಬರೀರಿ. ತಕ್ಕಡಿ ಮಾತ್ರ ಹಿಡ್ಕೊಂಡು ನಿಲ್ಲೋಕೆ ಕಂಬಿ ಇರೋದೇ ತಗೊಳಿ, ವಯಸ್ಸಾದೋರು ಬರೀ ತಕ್ಕಡಿ ಮೇಲೆ ನಿಲ್ಲೋಕೆ ಹೆದರ್ತಾರೆ.