ಓದುಗರ ಪ್ರಶ್ನೆ: ವಿಮಾನದೊಳಗೆ ಅಷ್ಟು ಸೆಕೆ ಯಾಕೆ?

ಪ್ರಶ್ನೆ: ಮೇಡಂ, ಕಳೆದ ಏಪ್ರಿಲ್‌ನಲ್ಲಿ ಅತ್ತೆಯವರನ್ನು ಕರೆದುಕೊಂಡು ಗೋವಾದಿಂದ ದೆಹಲಿಗೆ ಹೋದೆ. ಮಧ್ಯಾಹ್ನದ ವಿಮಾನ. ಒಳಗೆ ಕೂತರೆ ಬಚ್ಚಲ ಒಲೆಯ ಮುಂದೆ ಕೂತ ಹಾಗೆ. ಎ.ಸಿ. ಹಾಕಿ ಎಂದರೆ ಗಗನಸಖಿ "ಇನ್ನು ಸ್ವಲ್ಪ ಹೊತ್ತು" ಎಂದು ನೀರು ಕೊಟ್ಟು ಹೋದಳು. ಹೊರಡುವ ಹೊತ್ತಿಗೆ ಬರುತ್ತಿದ್ದ ಚೂರು ಗಾಳಿಯೂ ನಿಂತಿತು. ಆಮೇಲೆ ಮೇಲಿನಿಂದ ಬಿಳಿ ಹೊಗೆ! ಅತ್ತೆ ಹೆದರಿ ಹಿಡಿದ ನನ್ನ ಕೈಯನ್ನು ದೆಹಲಿಯವರೆಗೂ ಬಿಡಲಿಲ್ಲ. ಗಗನಸಖಿಯಾಗಿದ್ದಾಗ ನೀವೆಲ್ಲ ಇದನ್ನು ದಿನಾ ಹೇಗೆ ಸಹಿಸುತ್ತಿದ್ದಿರಿ?
— ಓದುಗರೊಬ್ಬರು, ಶಿರಸಿ

ಉತ್ತರ: ಅತ್ತೆಯವರು ಆರಾಮಿದ್ದಾರೆ ತಾನೇ? ಮೊದಲು ಅವರಿಗೆ ಹೇಳಿ, ಅದು ಹೊಗೆಯಲ್ಲ. ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ. ತಣ್ಣನೆ ಗಾಳಿ ಜೋರಾಗಿ ಬಂದು ಅದಕ್ಕೆ ತಾಗಿದಾಗ ಪಸೆ ಮಂಜಾಗುತ್ತದೆ, ದೇವಿಮನೆ ಘಟ್ಟದಲ್ಲಿ ಮಳೆಗಾಲದ ಬೆಳಿಗ್ಗೆ ಕಾಣುವಂಥದ್ದೇ. ವಾಸನೆ ಇರುವುದಿಲ್ಲ, ಕೆಳಗಿಳಿಯುತ್ತ ಕರಗಿಹೋಗುತ್ತದೆ. ಎ.ಸಿ. ಚೆನ್ನಾಗಿ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅದೇ ಗುರುತು.

ಗಾಳಿ ನಿಂತದ್ದಕ್ಕೂ ಕಾರಣವಿದೆ. ನೆಲದ ಮೇಲೆ ಇಂಜಿನ್ ಬಂದ್ ಇರುವಾಗ ಎ.ಸಿ.ಗೆ ಗಾಳಿ ಕೊಡುವುದು ಬಾಲದಲ್ಲಿರುವ ಎ.ಪಿ.ಯು. ಎಂಬ ಚಿಕ್ಕ ಇಂಜಿನ್. ಕೆಲವು ಕಡೆ ಅದರ ಬದಲು ಹೊರಗಿನಿಂದ ದಪ್ಪ ಕೊಳವೆ ಜೋಡಿಸಿ ತಣ್ಣನೆ ಗಾಳಿ ಬಿಡುತ್ತಾರೆ. ಏರ್‌ಬಸ್ ಎ320, ಬೋಯಿಂಗ್ 737ರಂಥ ವಿಮಾನಗಳಲ್ಲಿ ದೊಡ್ಡ ಇಂಜಿನ್ ಶುರು ಮಾಡಲಿಕ್ಕೂ ಸಾಮಾನ್ಯವಾಗಿ ಎ.ಪಿ.ಯು.ನ ಗಾಳಿಯನ್ನೇ ಬಳಸುತ್ತಾರೆ. ಹಾಗಾಗಿ ಅಷ್ಟು ಹೊತ್ತು ಎ.ಸಿ. ನಿಲ್ಲುತ್ತದೆ. ಒಂದೆರಡು ನಿಮಿಷವಷ್ಟೇ, ಆದರೆ ಬೆವರುತ್ತ ಕೂತವರಿಗೆ ಅದು ಎಷ್ಟು ಉದ್ದ ಎಂದು ನನಗೆ ಗೊತ್ತು.

ಇನ್ನು ಸೆಕೆ. ಕಾರವಾರದ ಕಡಲತೀರದಲ್ಲಿ ನಿಂತಿರುವ ನೌಕಾಪಡೆಯ ಟುಪೊಲೆವ್ ವಿಮಾನದ ಹತ್ತಿರ ಮೇ ತಿಂಗಳ ಮಧ್ಯಾಹ್ನ ಹೋಗಿ ನೋಡಿ, ಲೋಹದ ಮೈಯಿಂದ ಝಳ ಮುಖಕ್ಕೆ ಹೊಡೆಯುತ್ತದೆ. ಅದು ಖಾಲಿ ವಿಮಾನ. ನಾವು ಹಾರುತ್ತಿದ್ದುದರಲ್ಲಿ 180 ಜನ. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವಾಟ್ ಶಾಖ ಬಿಡುತ್ತದೆ. ಎಲ್ಲ ಸೇರಿದರೆ ಸಾವಿರ ವಾಟ್‌ನ 18 ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಚ್ಚಿಟ್ಟ ಹಾಗೆ.

ನಾನು ಕೆಲಸ ಮಾಡಿದ ವಿಮಾನಗಳಲ್ಲಿ ಎ.ಸಿ.ಯ ಗುಂಡಿ ನಮ್ಮ ಕೈಯಲ್ಲಿರಲಿಲ್ಲ, ಪೈಲಟ್ ಹತ್ತಿರ ಇತ್ತು. ನಾವು ಮಾಡಬಹುದಾದದ್ದು ಇಂಟರ್‌ಫೋನ್ ಎತ್ತಿ "ಕ್ಯಾಪ್ಟನ್, ಹಿಂದೆ ಬಹಳ ಬಿಸಿ" ಎನ್ನುವುದು, ಹತ್ತು ನಿಮಿಷ ಬಿಟ್ಟು ಮತ್ತೆ ಹೇಳುವುದು. ಉಳಿದದ್ದೆಲ್ಲ ಸಣ್ಣ ಕೆಲಸ. ಜನ ಹತ್ತುವ ಮುಂಚೆ ಕಿಟಕಿಯ ಶೇಡ್ ಇಳಿಸುವುದು, ಸೀಟಿನ ಮೇಲಿನ ಗಾಳಿಯ ತೂತುಗಳನ್ನೆಲ್ಲ ತಿರುಗಿಸಿ ತೆರೆಯುವುದು, ತಂಪಾಗುವವರೆಗೆ ಹಿಂದಿನ ಗ್ಯಾಲಿಯ (ವಿಮಾನದ ಅಡುಗೆಮನೆ) ಓವನ್ ಹಚ್ಚದಿರುವುದು. ನಮ್ಮ ಸಮವಸ್ತ್ರ ಹತ್ತಿಯದಲ್ಲ, ಮೈಗೆ ಅಂಟುತ್ತಿತ್ತು. ಐಸ್ ತುಂಡನ್ನು ಟಿಶ್ಯೂದಲ್ಲಿ ಸುತ್ತಿ ಮಣಿಕಟ್ಟಿನ ಮೇಲೆ ಒತ್ತಿಕೊಂಡು ಪರದೆ ಸರಿಸಿ ಹೊರಗೆ ಬರುತ್ತಿದ್ದೆವು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಸಹೋದ್ಯೋಗಿ ಹೇಳಿದ ಮಾತೊಂದು ನನಗೆ ಎಲ್ಲ ತರಬೇತಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. "ಸೆಕೆ ಅಂತ ಕೂಗಾಡುವವರಿಗೆ ಉತ್ತರ ಕೊಡು, ಆದರೆ ಕಣ್ಣು ಸುಮ್ಮನಿರುವವರ ಮೇಲಿರಲಿ." ಒಂದು ಬೇಸಿಗೆ ನಾವು ಹೊರಡಲು ಅನುಮತಿ ಸಿಗದೆ ಬಿಸಿಲಲ್ಲಿ ನಿಂತಿದ್ದೆವು. ಎಲ್ಲರೂ ಸುರಕ್ಷತಾ ಕಾರ್ಡ್‌ನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಹಿಂದಿನ ಸಾಲಿನ ಅಜ್ಜಿಯೊಬ್ಬರ ಕಾರ್ಡ್ ತೊಡೆಯ ಮೇಲೆ ಬಿದ್ದಿತ್ತು, ಕೈ ಹಾಗೇ ಅಂಗಾತ. ತುಟಿ ಬಿಳಿಚಿಕೊಂಡಿತ್ತು. ಪಕ್ಕದವರನ್ನು ಎಬ್ಬಿಸಿ ಮೂರು ಸೀಟಿನ ಮೇಲೆ ಮಲಗಿಸಿದೆವು, ಕಾಲ ಕೆಳಗೆ ಚೀಲ ಇಟ್ಟು ಎತ್ತರ ಮಾಡಿದೆವು, ಕುತ್ತಿಗೆಗೆ ಒದ್ದೆ ಬಟ್ಟೆ. ನೀರು ಮಾತ್ರ ಕೊಡಲಿಲ್ಲ. ಪೂರ್ತಿ ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಕಣ್ಣು ಬಿಟ್ಟು "ಮಗಾ, ಎಲ್ಲಿ ಬಂತು?" ಎಂದು ಕೇಳಿದ ಮೇಲೆ ಗುಟುಕು ಗುಟುಕಾಗಿ ಕೊಟ್ಟೆವು. ವಿಮಾನ ಇನ್ನೂ ನಿಂತಲ್ಲೇ ಇತ್ತು.

ನಿಮ್ಮ ಗಗನಸಖಿ ನೀರು ಕೊಟ್ಟು ಹೋದದ್ದು ಉದಾಸೀನದಿಂದ ಎಂದು ನನಗೆ ಅನ್ನಿಸುವುದಿಲ್ಲ. ಅವಳ ಕೈಯಲ್ಲಿ ಆಗ ಇದ್ದದ್ದು ಅದೇ. ಮುಂದಿನ ಸಲ ಅತ್ತೆಯವರಿಗೆ ಬಿ.ಪಿ.ಯೋ ಸಕ್ಕರೆ ಕಾಯಿಲೆಯೋ ಇದ್ದರೆ ಹತ್ತುವಾಗಲೇ ಬಾಗಿಲಲ್ಲಿ ಹೇಳಿಬಿಡಿ, ಅವರು ಆ ಸಾಲಿನ ಮೇಲೆ ಕಣ್ಣಿಡುತ್ತಾರೆ. ಹತ್ತಿ ಸೀರೆ ಉಡಿಸಿ. ಸಾಧ್ಯವಾದರೆ ಬೆಳಗಿನ ಜಾವದ ವಿಮಾನ ಹಿಡಿಯಿರಿ. ಮೇಲೆ ಹೋದ ಮೇಲೆ ಚಳಿಯಾಗುತ್ತದೆ, ಶಾಲು ಮರೆಯಬೇಡಿ. ಅಲ್ಲಿ ಗಾಳಿ ತೀರಾ ಒಣ, ಬಾಯಾರಿಕೆ ಆಗದಿದ್ದರೂ ನೀರು ಕುಡಿಸುತ್ತಿರಿ.

ಪ್ರಶ್ನೆ: ವಿಮಾನ ಇಳಿಯುವಾಗ ಕಿಟಕಿಯ ಶೇಡ್ ತೆರೆಯಿರಿ ಎನ್ನುತ್ತಾರೆ, ನಿಂತ ಮೇಲೆ ಮುಚ್ಚಿ ಹೋಗಿ ಎನ್ನುತ್ತಾರೆ. ಯಾವುದು ಸರಿ?
— ಓದುಗರೊಬ್ಬರು, ಹೊನ್ನಾವರ

ಉತ್ತರ: ಎರಡೂ. ಏರುವಾಗ, ಇಳಿಯುವಾಗ ಅವಘಡವಾದರೆ ಯಾವ ಕಡೆ ಬೆಂಕಿ ಇದೆ ಎಂದು ನೋಡಿಯೇ ಬಾಗಿಲು ತೆರೆಯಬೇಕು, ಅದಕ್ಕೆ ಶೇಡ್ ಮೇಲಿರಬೇಕು. ನಿಂತ ಮೇಲೆ ಮುಚ್ಚುವುದು ಬಿಸಿಲಿಗೆ. ಮುಂದಿನ ಪ್ರಯಾಣಿಕರು ಹತ್ತುವುದರೊಳಗೆ ಕ್ರೂ ಸಾಲು ಸಾಲಿಗೂ ಬಗ್ಗಿ ಶೇಡ್ ಎಳೆಯಬೇಕು. ನಿಮ್ಮದನ್ನು ನೀವು ಎಳೆದು ಎದ್ದರೆ ಅವರಿಗೆ ಒಂದು ಕಡಿಮೆ.