ಮುಕ್ತ ಮಾನಕ ರೂಪಿಸುವ ಗುಂಪಿನ ಆನ್‌ಲೈನ್ ಸಭೆಗೆ ನೋಂದಣಿ ಶುಲ್ಕ ಇಡಬಹುದೇ?

ಹೆಸರು ಕೊಟ್ಟವರಲ್ಲಿ ಅರ್ಧದಷ್ಟು ಜನ ಸಭೆಗೆ ಬರುವುದಿಲ್ಲ, ವಿಡಿಯೊ ಸಭೆಯ ಚಂದಾ ಕೈಯಿಂದ ಹೋಗುತ್ತಿದೆ, ಆದ್ದರಿಂದ ತಲಾ ₹300 ಇಟ್ಟರೆ ಹೇಗೆ ಎಂದು ಕೇಳಿದ್ದೀರಿ. ಸಿಂಧನೂರಿನಲ್ಲಿ ನಾವೂ ಇದೇ ಲೆಕ್ಕ ಹಾಕಿದ್ದೆವು, ಅದನ್ನು ಸಭೆಯ ಮುಂದಿಟ್ಟವನು ನಾನೇ.

ಅಕ್ಕಿ ಗಿರಣಿಗಳಿಗೆ ತಂತ್ರಾಂಶ ಮಾಡಿಕೊಡುವ ನಮ್ಮಂಥ ಕೆಲವರು, ಗಿರಣಿಯ ಗುಮಾಸ್ತರು ಮತ್ತು ಲಾರಿ ತೂಗುವ ವೇಬ್ರಿಡ್ಜ್ ನಡೆಸುವ ಹುಡುಗರು ಸೇರಿ, ಭತ್ತದ ಲಾರಿಯ ತೂಕದ ಚೀಟಿಗೆ ಯಾರು ಬೇಕಾದರೂ ಬಳಸಬಹುದಾದ ಒಂದೇ ದತ್ತಾಂಶ ನಮೂನೆಯನ್ನು, ಅಂದರೆ ಒಂದು ಮುಕ್ತ ಮಾನಕವನ್ನು, ಸಿದ್ಧಪಡಿಸುತ್ತಿದ್ದೆವು. ಕಾರಟಗಿಯಲ್ಲಿ ತೂಗಿದ ಲಾರಿಯ ವಿವರವನ್ನು ಸಿಂಧನೂರಿನ ಗಿರಣಿಯಲ್ಲಿ ಮತ್ತೊಮ್ಮೆ ಕೈಯಿಂದ ಟೈಪ್ ಮಾಡುವ ಕೆಲಸ ತಪ್ಪಬೇಕು ಎಂಬುದಷ್ಟೇ ನಮ್ಮ ಉದ್ದೇಶವಾಗಿತ್ತು. ಶುಲ್ಕ ₹200 ಎಂದು ನಿಗದಿ ಮಾಡಿ, ಕಟ್ಟಲಾಗದವರು ನನಗೊಂದು ಮೆಸೇಜ್ ಕಳಿಸಿದರೆ ಮನ್ನಾ ಮಾಡುತ್ತೇವೆ ಎಂದು ಕೆಳಗೆ ಒಂದು ಸಾಲು ಸೇರಿಸಿದೆ. ಒಬ್ಬರೂ ಮೆಸೇಜ್ ಕಳಿಸಲಿಲ್ಲ. ಹಾಗಾದರೆ ಯಾರಿಗೂ ತೊಂದರೆಯಿಲ್ಲ ಎಂದು ತಿಳಿದು ಸಭೆ ನಡೆಸಿಬಿಟ್ಟೆವು.

ತಪ್ಪು ನಡೆದದ್ದು ಆ ಒಂದು ಸಾಲಿನಲ್ಲಿ. ವೇಬ್ರಿಡ್ಜ್‌ನ ಹುಡುಗನಿಗೆ ₹200 ಹುಟ್ಟುವುದಿಲ್ಲ ಎಂದಲ್ಲ. ತಂತ್ರಾಂಶ ಮಾರುವ ನನಗೆ ಅದು ವ್ಯಾಪಾರದ ಖರ್ಚು, ಅವನಿಗೆ ಸ್ವಂತ ಜೇಬಿನದು. ಮಾಲೀಕರನ್ನು ಕೇಳಿದರೆ ಮೀಟಿಂಗಿಗೆ ಯಾಕೆ ದುಡ್ಡು ಎನ್ನುತ್ತಾರೆ. ಮೊದಲೆಲ್ಲ ತೂಕದ ಕೋಣೆಯಲ್ಲಿ ಮೂರ್ನಾಲ್ಕು ಜನ ಒಂದೇ ಮೊಬೈಲಿನ ಸುತ್ತ ಕುಳಿತು ಸಭೆಗೆ ಸೇರುತ್ತಿದ್ದರು; ತಲಾ ಶುಲ್ಕ ಎಂದ ಕೂಡಲೇ ಯಾರ ಹೆಸರಿನಲ್ಲಿ ಕಟ್ಟುವುದು ಎಂಬ ಮಾತು ಬಂದು ಅಲ್ಲಿಗೇ ನಿಂತಿತು. ಇನ್ನು ಮನ್ನಾ ಕೇಳುವುದೆಂದರೆ, ತನ್ನ ಮಾಲೀಕನ ಜೊತೆ ವ್ಯವಹಾರ ಇಟ್ಟುಕೊಂಡಿರುವ, ಅದೇ ಊರಿನ ನನ್ನ ಮುಂದೆ ‘ನನ್ನ ಹತ್ತಿರ ಹಣವಿಲ್ಲ’ ಎಂದು ಹೇಳಿಕೊಳ್ಳುವುದು. ಅದಕ್ಕಿಂತ ಸಭೆಗೆ ಬರದೆ ಸುಮ್ಮನಿರುವುದು ಅವರಿಗೆ ಸುಲಭವಾಯಿತು.

ಅವರಿಲ್ಲದ ಸಭೆಯಲ್ಲಿ ನಾವು, ಒಂದು ಚೀಟಿಯಲ್ಲಿ ಒಟ್ಟು ತೂಕ ಮತ್ತು ಖಾಲಿ ಲಾರಿಯ ತೂಕ ಎರಡೂ ಕಡ್ಡಾಯ, ಎರಡೂ ತುಂಬದೆ ಚೀಟಿ ಸೇವ್ ಆಗಬಾರದು ಎಂದು ತೀರ್ಮಾನಿಸಿದೆವು. ಕಾಗದದ ಮೇಲೆ ಇದು ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಸುಗ್ಗಿಯಲ್ಲಿ ಸಂಜೆ ತೂಗಿದ ಲಾರಿ ಹಮಾಲರು ಸಿಕ್ಕ ಮೇಲೆ ಖಾಲಿಯಾಗಿ ಮತ್ತೆ ತೂಕಕ್ಕೆ ಬರುವುದು ಮರುದಿನ ಬೆಳಿಗ್ಗೆ. ಅಷ್ಟರವರೆಗೆ ಚಾಲಕ ಚೀಟಿಯಿಲ್ಲದೆ ಸಾಲಿನಿಂದ ಕದಲುವುದಿಲ್ಲ. ಹುಡುಗರು ಏನು ಮಾಡಿದರೆಂದರೆ, ಅದೇ ಲಾರಿಯ ಹಿಂದಿನ ಸಲದ ಖಾಲಿ ತೂಕವನ್ನು ತುಂಬಿ ಚೀಟಿ ತೆಗೆದುಕೊಟ್ಟರು. ಡೀಸೆಲ್ ಹೆಚ್ಚು ಕಡಿಮೆ ಇರುತ್ತದೆ, ಟಾರ್ಪಾಲಿನ್ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ನಿವ್ವಳ ತೂಕ ತಪ್ಪಿ, ರೈತರಿಗೂ ಗಿರಣಿಗೂ ಜಗಳ ಹತ್ತಿ, ನಮ್ಮ ನಮೂನೆಯನ್ನೇ ಕಿತ್ತುಹಾಕಿ ಎಂದರು. ಆ ಹುಡುಗರಲ್ಲಿ ಒಬ್ಬನಾದರೂ ಸಭೆಯಲ್ಲಿದ್ದಿದ್ದರೆ ಎರಡು ಮಾತಿನಲ್ಲಿ ಇದನ್ನು ಹೇಳಿಬಿಡುತ್ತಿದ್ದ.

ಇಂಟರ್‌ನೆಟ್‌ನ ಪ್ರೊಟೊಕಾಲ್‌ಗಳನ್ನು, ಅಂದರೆ ಕಂಪ್ಯೂಟರುಗಳು ಪರಸ್ಪರ ಮಾತಾಡುವ ನಿಯಮಗಳನ್ನು, ರೂಪಿಸುವ ಐಇಟಿಎಫ್‌ನಂಥ ದೊಡ್ಡ ಸಮುದಾಯವೂ ಈ ಹಾದಿಯಲ್ಲಿ ನಡೆದಿದೆ. ಅಲ್ಲಿ ಖುದ್ದಾಗಿ ಬರುವವರಿಗೆ ಮುಂಚೆಯೇ ಶುಲ್ಕವಿತ್ತು, ದೂರದಿಂದ ಸೇರುವವರಿಗೆ ಇರಲಿಲ್ಲ. 2020ರಲ್ಲಿ ಕೋವಿಡ್‌ನಿಂದಾಗಿ ಸಭೆಗಳು ಪೂರ್ತಿ ಆನ್‌ಲೈನ್ ಆದಾಗ, ಜುಲೈ ತಿಂಗಳ 108ನೆಯ ಸಭೆಗೆ ಶುಲ್ಕವನ್ನೂ ಅದರ ಜೊತೆಗೆ ಮನ್ನಾ ವ್ಯವಸ್ಥೆಯನ್ನೂ ತಂದರು. ಬಹಳ ಚರ್ಚೆಯಾಗಿ, 2023ರ ಡಿಸೆಂಬರಿನಲ್ಲಿ ಹೊರಬಂದ ಆರ್‌ಎಫ್‌ಸಿ 9501 ಎಂಬ ದಾಖಲೆ, ಆನ್‌ಲೈನ್ ಭಾಗವಹಿಸುವಿಕೆಗೆ ಉಚಿತ ಆಯ್ಕೆ ಇರಲೇಬೇಕು ಎಂದು ನಿಗದಿ ಮಾಡಿತು. ಉಚಿತವಾಗಿ ಬರುವವರ ಸಂಖ್ಯೆಗೆ ಮಿತಿ ಇರಬಾರದು, ಆ ಆಯ್ಕೆ ನೋಂದಣಿ ಪುಟದಲ್ಲಿ ಎದ್ದು ಕಾಣಬೇಕು, ಹಣ ಕೊಟ್ಟವರಿಗಿರುವ ಸೌಲಭ್ಯವೆಲ್ಲ ಅವರಿಗೂ ಇರಬೇಕು, ಯಾರು ಉಚಿತವಾಗಿ ಬಂದವರು ಎಂಬುದು ಉಳಿದವರಿಗೆ ಗೊತ್ತಾಗಬಾರದು ಎಂದೂ ಅದರಲ್ಲಿದೆ. ಕೊನೆಯ ಮಾತನ್ನು ಓದಿದಾಗ ನನ್ನ ಮೆಸೇಜ್ ಸಾಲು ನೆನಪಾಯಿತು.

ಹಣ ಕೊಟ್ಟವರು ತಪ್ಪದೆ ಬರುತ್ತಾರೆ ಎಂಬ ನಿಮ್ಮ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಕಂಪನಿಯ ಹಣದಲ್ಲಿ ನೋಂದಾಯಿಸಿದವನು ಕ್ಯಾಮೆರಾ ಮುಚ್ಚಿಕೊಂಡು ಬೇರೆ ಕೆಲಸ ಮಾಡುವುದನ್ನು ನಾನು ಸಾಕಷ್ಟು ಕಂಡಿದ್ದೇನೆ. ಮೇಲಾಗಿ ಹೆಸರು ಕೊಟ್ಟು ಬಾರದವನಿಂದ ಆನ್‌ಲೈನ್ ಸಭೆಗೆ ಆಗುವ ನಷ್ಟವಾದರೂ ಏನು? ಅವನಿಗೆಂದು ಊಟ ತರಿಸಿರುವುದಿಲ್ಲ.

ಖರ್ಚಿನ ಮಾತು ಬೇರೆ, ಅದು ನಿಜವಾದದ್ದೇ. ಜಿಟ್ಸಿಯಂಥ ಮುಕ್ತ ತಂತ್ರಾಂಶದಲ್ಲಿ ಸಭೆ ನಡೆಸಬಹುದು. ಚಂದಾ ಕಟ್ಟಲೇಬೇಕಿದ್ದರೆ, ಮಾನಕದಿಂದ ವ್ಯಾಪಾರ ಬೆಳೆಯುವವರು ಕಟ್ಟಲಿ. ನಮ್ಮಲ್ಲಿ ಈಗ ತಂತ್ರಾಂಶ ಮಾರುವ ನಾವೇ ಹಂಚಿಕೊಂಡು, ಲೆಕ್ಕವನ್ನು ಎಲ್ಲರಿಗೂ ತೋರಿಸುತ್ತೇವೆ. ಶುಲ್ಕ ಇಟ್ಟೇ ಇಡುವುದಾದರೆ ₹300 ಮತ್ತು ₹0 ಎರಡನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಇಡಿ, ಕಾರಣ ಕೇಳಬೇಡಿ. ಅದಕ್ಕೂ ಮೊದಲು, ಬಾರದ ಆ ಅರ್ಧ ಜನರ ಪಟ್ಟಿ ತೆಗೆದು ಅವರು ಯಾವ ಕೆಲಸದವರು ಎಂದು ನೋಡಿ. ನಮ್ಮ ಪಟ್ಟಿಯಲ್ಲಿದ್ದವರು ಹೆಚ್ಚಾಗಿ ವೇಬ್ರಿಡ್ಜ್‌ನವರು, ಸಭೆಯ ಹೊತ್ತಿಗೆ ಅವರ ಮುಂದೆ ಲಾರಿಗಳು ಸಾಲು ನಿಂತಿರುತ್ತಿದ್ದವು. ಈಗ ಸುಗ್ಗಿ ಮುಗಿಯುವವರೆಗೆ ನಾವು ಯಾವುದನ್ನೂ ಅಂತಿಮಗೊಳಿಸುವುದಿಲ್ಲ.