ಆ ಪುಸ್ತಕದಲ್ಲಿ ಅಣ್ಣನದು ಏನೂ ಇಲ್ಲ

ಓದಿನಲ್ಲಿ ಹಿಂದೆ ಬಿದ್ದ, ಶಾಲೆ ಬಿಡುವ ಅಂಚಿನಲ್ಲಿರುವ ಮಕ್ಕಳಿಗೆ ಹಿರಿಯ ವಿದ್ಯಾರ್ಥಿಗಳನ್ನು ಜೊತೆ ಮಾಡುವ ಕ್ರಮದ ಮೇಲೆ ನನಗೆ ತುಂಬ ನಂಬಿಕೆಯಿದೆ. ಮೇಷ್ಟ್ರು ಹತ್ತು ಸಲ ಹೇಳಿದರೂ ಕಿವಿಗೆ ಬೀಳದ ಮಾತು ಎರಡು ವರ್ಷ ದೊಡ್ಡವನಾದ ಹುಡುಗ ಒಮ್ಮೆ ಹೇಳಿದರೆ ಮನಸ್ಸಿಗೆ ಇಳಿಯುತ್ತದೆ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವೂ ಹಳ್ಳಿಗಳಲ್ಲಿ ಇದೇ ನಂಬಿಕೆಯಿಂದ ಹದಿಹರೆಯದವರನ್ನೇ ಆರಿಸಿ, ತರಬೇತಿ ಕೊಟ್ಟು, ಓರಗೆಯವರ ನಡುವೆ ಕಳುಹಿಸಿತು. ಆದರೆ ಕಳೆದ ಎರಡು ವರ್ಷಗಳಲ್ಲಿ ಮೂರು ಶಾಲೆಗಳಿಂದ, ಹೀಗೆ ಜೊತೆಗಾರರಾಗಿ ನೇಮಕಗೊಂಡ ಮಕ್ಕಳೇ ನನ್ನ ಮುಂದೆ ಬಂದು ಕುಳಿತು ಅತ್ತಿದ್ದಾರೆ. ಮೂರರಲ್ಲೂ ತಪ್ಪು ಒಂದೇ ಕಡೆ ಆಗಿತ್ತು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ, ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನೂ.

ಕೋಲಾರ ಜಿಲ್ಲೆಯ ಒಂದು ಊರು. ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜು ಒಂದೇ ಆವರಣದಲ್ಲಿವೆ. ಒಂಬತ್ತನೇ ತರಗತಿಯಲ್ಲಿ ಹಾಜರಿ ಕುಸಿದಿದ್ದ ಹನ್ನೆರಡು ಮಕ್ಕಳಿಗೆ ಪ್ರಥಮ ಪಿಯುಸಿಯ ಹನ್ನೆರಡು ಮಂದಿಯನ್ನು ಜೊತೆ ಮಾಡಿದ್ದರು. ಒಂಬತ್ತನೇ ತರಗತಿಯನ್ನು ಆರಿಸಿದ್ದು ಸರಿಯಾಗಿಯೇ ಇತ್ತು. ಶಿಕ್ಷಣ ಹಕ್ಕು ಕಾಯ್ದೆಯ ಆಸರೆ 14 ವರ್ಷಕ್ಕೆ, ಎಂಟನೇ ತರಗತಿಗೆ ಮುಗಿಯುತ್ತದೆ. ಆ ಹೊತ್ತಿಗೆ ಹುಡುಗನ ತೋಳು ಬಲಿತಿರುತ್ತದೆ, ದುಡಿಮೆಗೆ ಕರೆಯುವವರು ಕಾದಿರುತ್ತಾರೆ. ಇತ್ತ ಶಾಲೆಗೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಚಿಂತೆ ಹಿಡಿದಿರುತ್ತದೆ. ಇವೆರಡರ ನಡುವೆ ಎಷ್ಟೋ ಮಕ್ಕಳು ಸದ್ದಿಲ್ಲದೆ ಜಾರಿಹೋಗುತ್ತಾರೆ.

ದಸರಾ ರಜೆ ಮುಗಿದ ವಾರ ಪಿಯುಸಿಯ ಕಿರಣ ತಾನಾಗಿಯೇ ಬಂದ. "ಮೇಡಂ, ನನ್ನನ್ನು ಈ ಕೆಲಸದಿಂದ ಬಿಡಿಸಿ. ಅವನು ನನ್ನನ್ನು ನಂಬಿದ್ದ, ನಾನು ಹಿಡಿದುಕೊಟ್ಟೆ" ಎಂದ. ಆಗಿದ್ದು ಇಷ್ಟು. ಅವನ ಪಾಲಿಗೆ ಬಂದಿದ್ದ ಮುನಿರಾಜು ತರಗತಿಯಲ್ಲಿ ತೂಕಡಿಸುತ್ತಿದ್ದ, ವಾರಕ್ಕೆರಡು ದಿನ ಬರುತ್ತಲೇ ಇರಲಿಲ್ಲ. ರಾತ್ರಿ ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಹೊರಲು ಹೋಗುತ್ತೇನೆಂದು ಒಂದು ದಿನ ಕಿರಣನೊಬ್ಬನಿಗೇ ಹೇಳಿಕೊಂಡಿದ್ದ. ಕಿರಣ ಅದನ್ನು ತನಗೆ ಕೊಟ್ಟಿದ್ದ ಪುಸ್ತಕದಲ್ಲಿ ಬರೆದ. ಶನಿವಾರ ಪುಸ್ತಕ ನೋಡಿದ ಶಿಕ್ಷಕರು ತಂದೆಯನ್ನು ಕರೆಸಿ ಎಲ್ಲರೆದುರು ಗದರಿದರು. ಆ ಅವಮಾನವೆಲ್ಲ ರಾತ್ರಿ ಹುಡುಗನ ಬೆನ್ನ ಮೇಲೆ ಇಳಿಯಿತು. ಮುಂದೆ ಒಂಬತ್ತು ದಿನ ಮುನಿರಾಜು ಶಾಲೆಯ ಕಡೆ ತಲೆ ಹಾಕಲಿಲ್ಲ.

ಇಬ್ಬರನ್ನೂ ಬೇರೆ ಬೇರೆಯಾಗಿ ಮಾತನಾಡಿಸಿದೆ. ಮುನಿರಾಜು ನನಗೆ ಏನನ್ನೂ ಹೇಳಲಿಲ್ಲ. ಯಾಕೆ ಶಾಲೆಗೆ ಬರುತ್ತಿಲ್ಲ ಎಂದು ಎಲ್ಲರೂ ಕೇಳಿ ಸವೆಸಿದ್ದ ಪ್ರಶ್ನೆಯನ್ನೇ ನಾನೂ ಕೇಳಿದ್ದೆ. ಅದು ನನ್ನ ತಪ್ಪು. ಮೂರನೆಯ ಸಲ ಇಬ್ಬರ ಒಪ್ಪಿಗೆಯನ್ನೂ ಪಡೆದು ಒಟ್ಟಿಗೆ ಕೂರಿಸಿ, ಆ ಪುಸ್ತಕವನ್ನು ಮೇಜಿನ ಮೇಲಿಟ್ಟೆ.

ನೂರು ಪುಟದ ಪುಸ್ತಕ. ಪ್ರತಿ ಪುಟಕ್ಕೂ ಸ್ಕೇಲಿಟ್ಟು ಕೆಂಪು ಶಾಯಿಯಲ್ಲಿ ಐದು ಕಾಲಂ ಎಳೆದಿದ್ದರು: ದಿನಾಂಕ, ಹಾಜರಿ, ಮನೆಗೆಲಸ, ನಡತೆ, ಷರಾ. ಕಿರಣನ ಅಕ್ಷರ ದುಂಡಗಿದೆ. ಷರಾ ಕಾಲಮಿನಲ್ಲಿ ಒಂದು ಕಡೆ "ರಾತ್ರಿ ಮಂಡಿಗೆ ಹೋಗುತ್ತಾನೆ" ಎಂದಿತ್ತು, ಅದರ ಕೆಳಗೆ ಶಿಕ್ಷಕರ ಸಹಿ. ಮುನಿರಾಜು ಪುಸ್ತಕವನ್ನು ತನ್ನತ್ತ ಎಳೆದುಕೊಂಡು ಒಂದೊಂದೇ ಹಾಳೆ ತಿರುವಿದ. ಹದಿನೈದು ಕಿಲೋ ಬಾಕ್ಸುಗಳನ್ನು ಎತ್ತಿ ಇಳಿಸಿ ಬೆರಳುಗಳ ಬುಡದಲ್ಲಿ ಜಡ್ಡುಗಟ್ಟಿತ್ತು, ತೆಳು ಹಾಳೆ ಬೇಗ ಕೈಗೆ ಸಿಗುತ್ತಿರಲಿಲ್ಲ. ಕೊನೆಯ ಪುಟದವರೆಗೂ ನೋಡಿ ಮುಚ್ಚಿಟ್ಟ.

"ಇದರಲ್ಲಿ ನನ್ನದೆಲ್ಲ ಇದೆ ಮೇಡಂ. ಅಣ್ಣನದು ಏನೂ ಇಲ್ಲ."

"ಅಣ್ಣನದು ಏನಿರಬೇಕಿತ್ತು?"

"ಅಣ್ಣ ಹತ್ತನೇ ಕ್ಲಾಸಿನಲ್ಲಿ ಗಣಿತ ಫೇಲಾಗಿದ್ದನಂತೆ. ಪರೀಕ್ಷೆ-2ರಲ್ಲಿ ಪಾಸಾದನಂತೆ. ನಮ್ಮ ಬೀದಿಯ ಹುಡುಗ ಹೇಳಿದ. ಅಣ್ಣ ಹೇಳಲೇ ಇಲ್ಲ."

ಕಿರಣನ ಮುಖ ಕೆಂಪಾಯಿತು. "ಹೇಳಬಾರದು ಎಂದಿದ್ದರು. ಮಾದರಿಯಾಗಿರಬೇಕು, ಅದೆಲ್ಲ ಚಿಕ್ಕವರಿಗೆ ಗೊತ್ತಾಗುವುದು ಬೇಡ ಎಂದಿದ್ದರು."

ನಾನು ಏನೋ ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಮುನಿರಾಜು ಕೇಳಿದ: "ರಿಸಲ್ಟ್ ಬಂದ ದಿನ ಮನೆಗೆ ಹೇಗೆ ಹೋದೆ ಅಣ್ಣ?"

ಕಿರಣ ಹೇಳಿದ. ಸಂಜೆಯವರೆಗೂ ಕೆರೆ ಏರಿಯ ಮೇಲೆ ಸೈಕಲ್ ನಿಲ್ಲಿಸಿಕೊಂಡು ಕೂತಿದ್ದನಂತೆ. ಕತ್ತಲಾದ ಮೇಲೆ ಹಿತ್ತಲ ಬಾಗಿಲಿಂದ ಒಳಗೆ ಹೋದ. ಅಮ್ಮ ಏನೂ ಕೇಳದೆ ತಟ್ಟೆಗೆ ಮುದ್ದೆ ಹಾಕಿದರು. ಅಪ್ಪ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಪಕ್ಕದ ಮನೆಯ ಐಟಿಐ ಓದುವ ಹುಡುಗ ಬಂದು, ತ್ರಿಕೋನಮಿತಿ ಬಿಡು, ಮೊದಲು ಬರುವ ಲೆಕ್ಕ ಗಟ್ಟಿ ಮಾಡಿಕೋ ಎಂದು ಕೂರಿಸಿಕೊಂಡ. ಮುನಿರಾಜು ನಡುನಡುವೆ ಪ್ರಶ್ನೆ ಹಾಕುತ್ತಲೇ ಇದ್ದ. ಅಮ್ಮ ಅತ್ತರಾ? ಮತ್ತೆ ಪರೀಕ್ಷೆಗೆ ಹೋದಾಗ ಗೇಟಿನಲ್ಲಿ ಯಾರಾದರೂ ನಕ್ಕರಾ? ನನಗೆ ಒಂದು ಮಾತೂ ಆಡದಿದ್ದ ಹುಡುಗ ಇವನು. ಹದಿನೈದು ನಿಮಿಷ ನಾನು ಬಾಯಿ ತೆರೆಯಲಿಲ್ಲ. ಕಡೆಗೆ ಅವನೇ ಹೇಳಿದ: "ನನಗೆ ಬೀಜಗಣಿತ ಏಳನೇ ಕ್ಲಾಸಿನಿಂದಲೂ ಬರುವುದಿಲ್ಲ ಅಣ್ಣ. ಮಂಡಿಗೆ ಹೋದರೆ ಅದನ್ನು ಯಾರೂ ಕೇಳುವುದಿಲ್ಲ."

ಶಾಲೆಯ ಯಾರ ಬಳಿಯೂ ಇಲ್ಲದ ಒಂದು ಆಸ್ತಿ ಕಿರಣನ ಬಳಿ ಇತ್ತು, ಸೋತು ಎದ್ದ ನೆನಪು. ಅದು ಒಣಗಿರಲೂ ಇಲ್ಲ, ನಾಲ್ಕು ತಿಂಗಳ ಹಿಂದಿನದು. 2024ರಿಂದ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ಬಂದಿರುವುದರಿಂದ ಹೀಗೆ ಬಿದ್ದು ಅದೇ ವರ್ಷ ಎದ್ದು ಕಾಲೇಜು ಸೇರಿದ ಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ. ಜೊತೆಗಾರರಾಗಲು ಅವರಿಗಿಂತ ತಕ್ಕವರು ಬೇರೆ ಯಾರು? ಅಂಥವನನ್ನು ಹುಡುಕಿ ತಂದು, ಆ ನೆನಪನ್ನೇ ಮುಚ್ಚಿಡಲು ಹೇಳಿ, ಕೈಗೆ ಷರಾ ಬರೆಯುವ ಪುಸ್ತಕ ಕೊಟ್ಟರು. ನನಗೆ ಇಂದಿಗೂ ಸಂಕಟವಾಗುವುದು ಇದಕ್ಕೇ.

ಕಿರಣನಿಗೆ ಕೆಲಸ ಬಿಡಬೇಡ ಎಂದೆ. ಬಿಟ್ಟಿದ್ದರೆ ಮುನಿರಾಜುವಿಗೆ ಎರಡನೇ ಪೆಟ್ಟು ಬೀಳುತ್ತಿತ್ತು. ಅಮೆರಿಕದ ದೊಡ್ಡ ಮಾರ್ಗದರ್ಶನ ಯೋಜನೆಯೊಂದರಲ್ಲಿದ್ದ ಹದಿಹರೆಯದವರನ್ನು ಗಮನಿಸಿ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನನ್ನ ಕಣ್ಣ ಮುಂದಿತ್ತು. ಜೊತೆ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿದವರಿಗೆ ಹೆಚ್ಚು ಲಾಭವಾಗಿತ್ತು. ಮೂರು ತಿಂಗಳೊಳಗೆ ಮುರಿದುಹೋದವರಲ್ಲಿ ತಮ್ಮ ಬಗ್ಗೆ ತಮಗಿದ್ದ ಬೆಲೆಯೇ ಕುಗ್ಗಿತ್ತು. ಅಲ್ಲಿ ಜೊತೆಗಿದ್ದವರು ವಯಸ್ಕರು. ಇಲ್ಲಿ ಹದಿನಾರರ ಹುಡುಗ. ಆದ್ದರಿಂದ ಅವನ ಹೊರೆ ಇಳಿಸಿ, ಕಾಲ ಹೆಚ್ಚಿಸಿದೆ: ವಾರಕ್ಕೆ ಎರಡೇ ದಿನ, ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ, ಏಪ್ರಿಲ್‌ವರೆಗೆ ತಪ್ಪಿಸಬಾರದು. ಬರಲಾಗದ ದಿನ ಮೊದಲೇ ತಿಳಿಸಬೇಕು. ಮುನಿರಾಜುವನ್ನು ಉದ್ಧಾರ ಮಾಡುವ ಜವಾಬ್ದಾರಿ ನಿನ್ನದಲ್ಲ, ಹೇಳಿದ ದಿನ ಹೇಳಿದ ಜಾಗದಲ್ಲಿ ಇರುವುದಷ್ಟೇ ನಿನ್ನದು ಎಂದೆ. ಗೊತ್ತಿಲ್ಲದ ಲೆಕ್ಕಕ್ಕೆ ಗೊತ್ತಿಲ್ಲ ಎನ್ನು ಎಂದೆ. ಪುಸ್ತಕ ಬೇಡವೇ ಬೇಡ.

ಪುಸ್ತಕದ ವಿಷಯಕ್ಕೆ ಶಾಲೆಯಲ್ಲಿ ವಾದವೇ ನಡೆಯಿತು. ಒಬ್ಬ ಹಿರಿಯ ಶಿಕ್ಷಕರು ಕೇಳಿದರು: "ಹುಡುಗರು ಮುಚ್ಚಿಟ್ಟುಕೊಂಡು ನಾಳೆ ಏನಾದರೂ ಅನಾಹುತವಾದರೆ ನೀವು ಹೊಣೆಯಾಗುತ್ತೀರಾ ಮೇಡಂ?" ನ್ಯಾಯವಾದ ಪ್ರಶ್ನೆ. ಎಲ್ಲವನ್ನೂ ಗುಟ್ಟಾಗಿಡಲಿ ಎಂದು ನಾನು ಎಂದೂ ಹೇಳಿಲ್ಲ. ಸಾಯುವ ಮಾತು, ಮೈಮೇಲೆ ಕೈ ಮಾಡಿದ ಸಂಗತಿ, ಮನೆಯಲ್ಲಿ ಮದುವೆಯ ಸಿದ್ಧತೆ, ಇಂಥವನ್ನು ಜೊತೆಗಾರ ಅಂದೇ ಒಬ್ಬ ದೊಡ್ಡವರಿಗೆ ಹೇಳಲೇಬೇಕು. ಆದರೆ ಹಾಗೆ ಹೇಳುತ್ತೇನೆಂಬುದು ಕಿರಿಯನಿಗೆ ಮೊದಲ ದಿನವೇ ಗೊತ್ತಿರಬೇಕು, ಯಾರಿಗೆ ಹೇಳುತ್ತೇನೆಂಬುದೂ ಗೊತ್ತಿರಬೇಕು. ಪ್ರತಿ ಜೊತೆಗಾರನ ಜೇಬಿನಲ್ಲೂ ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಬರೆದ ಚೀಟಿ ಇರಲೆಂದು ಕೊಟ್ಟೆ. ಇಷ್ಟನ್ನು ಬಿಟ್ಟು ಮಿಕ್ಕದ್ದು ಅವರಿಬ್ಬರ ನಡುವಿನದು. ಶಾಲೆಗೆ ಸುದ್ದಿ ಬೇಕಿದ್ದರೆ ಶಿಕ್ಷಕರು ಮನೆಗೆ ಹೋಗಿ ಬರಲಿ. ಮಕ್ಕಳನ್ನು ಗೂಢಚಾರರನ್ನಾಗಿ ಮಾಡಿದ ಮೇಲೆ ಯಾವ ಮಗುವೂ ಬಾಯಿ ಬಿಡುವುದಿಲ್ಲ, ಆ ಶಿಕ್ಷಕರು ಹೆದರಿದ ಅನಾಹುತ ನಡೆಯುವುದೂ ಅಂಥ ಮೌನದಲ್ಲೇ. ನಾನು ಹಟಮಾರಿ ಎಂದು ಅವರಿಗೆ ಅನಿಸಿರಬಹುದು. ಈ ವಿಷಯದಲ್ಲಿ ಹೌದು.

ಮಂಡಿಯ ಸಂಗತಿಯನ್ನು ಕಿರಣನ ಹೆಗಲಿನಿಂದ ಪೂರ್ತಿ ತೆಗೆದೆವು. ಮುಖ್ಯೋಪಾಧ್ಯಾಯರೂ ನಾನೂ ಮುನಿರಾಜುವಿನ ಮನೆಗೆ ಹೋದೆವು. ಹುಡುಗನ ಕೂಲಿ ಹೋಗುತ್ತಿದ್ದದ್ದು ಕೊಳವೆಬಾವಿಯ ಸಾಲದ ಬಡ್ಡಿಗೆ. ಮೊದಲು ಶಾಲೆಯಲ್ಲಿ ಆದದ್ದಕ್ಕೆ ಕ್ಷಮೆ ಕೇಳಿದೆವು. ಆಮೇಲಷ್ಟೇ ಮಗನ ಮೇಲೆ ಕೈ ಎತ್ತಿದ್ದರ ಮಾತೆತ್ತಲು ಸಾಧ್ಯವಾಯಿತು. ವಾರದ ದಿನಗಳಲ್ಲಿ ರಾತ್ರಿ ಕಳುಹಿಸುವುದಿಲ್ಲ ಎಂದು ತಂದೆ ಒಪ್ಪಿದರು. ಶನಿವಾರ ರಾತ್ರಿಯ ಕೂಲಿಯನ್ನು ನಿಲ್ಲಿಸಲು ನಮ್ಮಿಂದ ಆಗಲಿಲ್ಲ. ಅದನ್ನು ಗೆಲುವೆಂದು ನಾನು ಬರೆಯಲಾರೆ.

ಮುನಿರಾಜು ಈಗ ಹತ್ತನೇ ತರಗತಿಯಲ್ಲಿದ್ದಾನೆ. ಗಣಿತ ಇನ್ನೂ ಕಷ್ಟವೇ, ಹಾಜರಿ ಪರವಾಗಿಲ್ಲ. ಕಿರಣ ದ್ವಿತೀಯ ಪಿಯುಸಿ. ಶಾಲೆಯ ಪಟ್ಟಿಯಲ್ಲಿ ಅವರ ಜೊತೆ ಮುಗಿದಿದ್ದರೂ ಮಂಗಳವಾರ ಮಧ್ಯಾಹ್ನ ಹೊಂಗೆ ಮರದ ಕೆಳಗೆ ಇಬ್ಬರೂ ಕೂತಿರುತ್ತಾರೆಂದು ಅಟೆಂಡರ್ ಹೇಳಿದರು.

ಹೊಸ ಶಿಕ್ಷಕರೊಬ್ಬರು ಈ ಸಲದ ಜೊತೆಗಾರರಿಗೆಂದು ಮತ್ತೆ ಹನ್ನೆರಡು ಪುಸ್ತಕ ತರಿಸಿದ್ದಾರೆಂದು ಹೋದ ವಾರ ತಿಳಿಯಿತು. ಮುಂದಿನ ಶುಕ್ರವಾರ ಹೋಗುತ್ತಿದ್ದೇನೆ. ಆ ಹನ್ನೆರಡು ಮಕ್ಕಳ ಜೊತೆ ನನಗಿಂತ ಮೊದಲು ನೀನು ಮಾತನಾಡುತ್ತೀಯಾ ಎಂದು ಕಿರಣನನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಬರುವಾಗ ಪರೀಕ್ಷೆ-1ರ ಫಲಿತಾಂಶದ ಪ್ರತಿಯನ್ನೂ ತರುತ್ತೇನೆ ಎಂದ.